ಮುಖದ ಮೇಲೆ ಎರಡು ಗೆರೆ ಇರೋ ಕಂದು ಬಾತು ಯಾವುದು? (ನರಸಾಪುರ ಹೋಬಳಿ, ಕೋಲಾರ)

ತೂಬಿನಕಟ್ಟೆ · ಅಕ್ಟೋಬರ್ 19, ಬೆಳಿಗ್ಗೆ 9:40

ಎಲ್ರಿಗೂ ನಮಸ್ಕಾರ. ಇಲ್ಲಿ ಮೊದಲ ಸಲ ಬರೀತಾ ಇದೀನಿ, ತಪ್ಪಿದ್ರೆ ತಿದ್ದಿ.

ನಮ್ಮೂರ ಕೆರೆ ನರಸಾಪುರದ ಹತ್ರ. ಬೆಳಿಗ್ಗೆ ಟೊಮೆಟೊಗೆ ಡ್ರಿಪ್ ಬಿಟ್ಟು ಬಂದು ಏರಿ ಮೇಲೆ ಹತ್ತು ನಿಮಿಷ ಕೂರೋದು ನನ್ನ ಅಭ್ಯಾಸ. ನಮ್ಮ ತಾತ ಈ ಕೆರೆಗೆ ನೀರುಗಂಟಿ ಆಗಿದ್ರು. ಅವರಿಂದ ಗದ್ದೆ ಬರಲಿಲ್ಲ, ಈ ಕೂರೋ ಚಾಳಿ ಬಂತು. ನಾಮದ ಕೋಳಿ, ಗುಳುಮುಳಕ, ನೀರುಕಾಗೆ ಎಲ್ಲಾ ಗೊತ್ತು. ಕೊಕ್ಕಿನ ತುದಿ ಹಳದಿ ಇರೋ ದೊಡ್ಡ ಬಾತು ವರ್ಷಪೂರ್ತಿ ಇರ್ತಾವೆ, ಅವೂ ಗೊತ್ತು.

ಈಗ ಒಂದು ವಾರದಿಂದ ಸಣ್ಣ ಬಾತು ಒಂದು ಇಪ್ಪತ್ತು ಬಂದವೆ. ಬಣ್ಣ ಅಂತ ಏನೂ ಇಲ್ಲ, ಒಣಗಿದ ರಾಗಿ ಹುಲ್ಲಿನ ಬಣ್ಣ. ಗಂಡು ಹೆಣ್ಣು ಅನ್ನೋ ವ್ಯತ್ಯಾಸಾನೇ ಕಾಣಲ್ಲ. ಹಗಲೆಲ್ಲ ನೀರಿನ ಮಧ್ಯೆ ಕೊಕ್ಕು ಬೆನ್ನಿಗೆ ಸಿಕ್ಕಿಸಿ ನಿದ್ದೆ. ತಿನ್ನೋದನ್ನ ನಾನು ನೋಡೇ ಇಲ್ಲ.

ಬೈನಾಕ್ಯುಲರ್‌ಗೆ ಮೊಬೈಲ್ ಹಿಡಿದು ಮೂರು ಫೋಟೋ ತೆಗೆದೆ. ಆ್ಯಪಿಗೆ ಹಾಕಿದ್ರೆ ಒಂದಕ್ಕೆ ಗಾರ್ಗನಿ, ಇನ್ನೊಂದಕ್ಕೆ ಕಾಮನ್ ಟೀಲ್, ಮೂರನೇದಕ್ಕೆ ಶೊವೆಲರ್ ಅಂತು. ಒಂದೇ ಗುಂಪು ಸ್ವಾಮಿ, ಮೂರು ಹೆಸರು! ಯಾವುದು ನಿಜ?

ಕೋಡಿಬಿತ್ತು · ಅಕ್ಟೋಬರ್ 19, 10:05

ಯಾವುದಾದ್ರೇನು ಗುರು, ಮುದ್ದೆ ಜೊತೆ ಸಾರಿಗೆ ಚೆನ್ನಾಗಿರುತ್ತೆ 😀

ಅಂತರಗಂಗೆ_ನಡಿಗೆ · ಅಕ್ಟೋಬರ್ 19, 10:20

@ಕೋಡಿಬಿತ್ತು 1972ರ ವನ್ಯಜೀವಿ ಕಾಯ್ದೆ ಅಂತ ಒಂದಿದೆ. ಜೈಲಿನಲ್ಲೂ ಮುದ್ದೆ ಕೊಡ್ತಾರೆ, ಆದ್ರೆ ಬಾತಿನ ಸಾರು ಕೊಡಲ್ಲ.

ಬಿಳಿಹುಬ್ಬು · ಅಕ್ಟೋಬರ್ 19, ಸಂಜೆ 7:15

ತೂಬಿನಕಟ್ಟೆಯವರೇ, ಸ್ವಾಗತ. ಫೋಟೋ ಮಸುಕಾಗಿದ್ದರೂ ನೀವು ತಲೆಬರಹದಲ್ಲೇ ಉತ್ತರ ಕೊಟ್ಟುಬಿಟ್ಟಿದ್ದೀರಿ. ಮುಖದ ಮೇಲೆ ಎರಡು ಗೆರೆ ಅಂದಿರಲ್ಲ, ಅದೇ ಗಾರ್ಗನಿ. ಕನ್ನಡದಲ್ಲಿ ಬಿಳಿಹುಬ್ಬಿನ ಬಾತು ಅನ್ನುತ್ತೇವೆ. ನನ್ನ ಹೆಸರು ಬಂದಿದ್ದೂ ಅಲ್ಲಿಂದಲೇ.

ಕಂದು ಬಾತುಗಳ ಮುಂದೆ ಕೂತಾಗ ಮೈ ನೋಡಬೇಡಿ. ಮೈ ಎಲ್ಲದಕ್ಕೂ ಒಂದೇ, ಕಂದು ಗರಿಗೆ ಮಾಸಲು ಅಂಚು. ನಾನು ಶುರುವಿನಲ್ಲಿ ಎರಡು ಚಳಿಗಾಲ ಮೈ ನೋಡಿ ನೋಡಿಯೇ ಕಳೆದೆ, ಒಂದೂ ಹತ್ತಲಿಲ್ಲ. ಮುಖ ನೋಡಿ. ಗಾರ್ಗನಿಗೆ ಕಣ್ಣಿನ ಮೂಲಕ ಒಂದು ಕಡುಗಪ್ಪು ಗೆರೆ. ಅದರ ಮೇಲೆ ಮಾಸಲು ಹುಬ್ಬು. ಕೆಳಗೆ, ಬಾಯಿಯ ಮೂಲೆಯಿಂದ ಕೆನ್ನೆಯ ಮೇಲೆ ಹಾಯುವ ಇನ್ನೊಂದು ಕಪ್ಪು ಗೆರೆ. ಕೊಕ್ಕಿನ ಬುಡದಲ್ಲಿ ಕಣ್ಣಿನ ಕಡೆಗೆ ಸುಣ್ಣದ ಬೊಟ್ಟು ಇಟ್ಟಂತೆ ಒಂದು ಬಿಳಿ ಚುಕ್ಕೆ, ಗಂಟಲು ಬೆಳ್ಳಗೆ. ಕಾಮನ್ ಟೀಲ್ ಹೆಣ್ಣಿಗೆ ಕಣ್ಣಿನ ಗೆರೆ ಒಂದೇ, ಕೆನ್ನೆ ಸಪ್ಪೆ. ಕೊಕ್ಕು ಚಿಕ್ಕದು, ಬುಡದಲ್ಲಿ ಸ್ವಲ್ಪ ಕಿತ್ತಳೆ ಇಣುಕುತ್ತದೆ. ಗಾರ್ಗನಿಯ ಕೊಕ್ಕು ಅದಕ್ಕಿಂತ ಉದ್ದ, ಪೂರ್ತಿ ಸ್ಲೇಟು ಬಣ್ಣ.

ಗಂಡು ಹೆಣ್ಣು ಕಾಣದಿರುವುದಕ್ಕೂ ಕಾರಣ ಇದೆ. ಗಂಡಿಗೆ ಆ ಚಂದ್ರನಂಥ ಬಿಳಿಹುಬ್ಬು ಇರುವುದು ಜೋಡಿ ಕಟ್ಟುವ ಕಾಲಕ್ಕೆ. ಮರಿಯಾದ ಮೇಲೆ, ಬೇಸಿಗೆಯಲ್ಲಿ, ಅಲ್ಲಿ ಕಜಾಕಿಸ್ತಾನ, ಸೈಬೀರಿಯಾ ಕಡೆ, ಗಂಡು ಆ ಅಲಂಕಾರ ಕಳಚಿ ಹೆಣ್ಣಿನ ವೇಷ ಹಾಕುತ್ತದೆ. ಆಗ ರೆಕ್ಕೆಯ ದೊಡ್ಡ ಗರಿಗಳೆಲ್ಲ ಒಂದೇ ಸಲ ಉದುರಿ ಮೂರು ನಾಲ್ಕು ವಾರ ಹಾರಲಿಕ್ಕೇ ಆಗುವುದಿಲ್ಲ. ಜೊಂಡಿನಲ್ಲಿ ಅಡಗಿ ಕೂರುವವನಿಗೆ ಮಿಂಚುವ ಬಟ್ಟೆ ಯಾಕೆ? ಬೇರೆ ಬಾತುಗಳು ಚಳಿ ಬರುವಷ್ಟರಲ್ಲಿ ಮತ್ತೆ ಬಣ್ಣ ಹಾಕಿಕೊಳ್ಳುತ್ತವೆ. ಗಾರ್ಗನಿ ಗಂಡು ಸೋಮಾರಿ, ಆ ಹಳೇ ವೇಷದಲ್ಲೇ ನಮ್ಮೂರಿಗೆ ಬಂದು ಜನವರಿ, ಫೆಬ್ರುವರಿವರೆಗೂ ತಳ್ಳುತ್ತಾನೆ. ನಿಮ್ಮ ಇಪ್ಪತ್ತರಲ್ಲಿ ಗಂಡುಗಳೂ ಇರಲೇಬೇಕು.

ಮೂರೂ ಫೋಟೋ ಗಾರ್ಗನಿಯೇ. ಆ್ಯಪನ್ನು ಅಷ್ಟು ನಂಬಬೇಡಿ.

ಬೇತಮಂಗಲದವಳು · ಅಕ್ಟೋಬರ್ 19, ರಾತ್ರಿ 8:50

ಮೇಡಂ, ಕ್ಷಮಿಸಿ, ಎರಡನೇ ಫೋಟೋ ಇನ್ನೊಮ್ಮೆ ನೋಡ್ತೀರಾ? ಎಡಗಡೆ ಅಂಚಿನಲ್ಲಿರೋ ಹಕ್ಕಿ. ಬಾಲದ ಪಕ್ಕದಲ್ಲಿ ಕೆನೆ ಬಣ್ಣದ ಉದ್ದ ಗೀಟು ಕಾಣ್ತಿದೆ. ಕೆನ್ನೆ ಮೇಲೆ ಎರಡನೇ ಗೆರೆ ಇಲ್ಲ. ಅದು ಕಾಮನ್ ಟೀಲ್ ಅಲ್ವಾ? ಮೂರನೇ ಫೋಟೋದಲ್ಲಿ ಹಿಂದೆ ನಿದ್ದೆ ಮಾಡ್ತಿರೋದು ಪಕ್ಕದವಕ್ಕಿಂತ ದಪ್ಪ ಇದೆ.

ಬಿಳಿಹುಬ್ಬು · ಅಕ್ಟೋಬರ್ 19, ರಾತ್ರಿ 9:30

ದೊಡ್ಡದು ಮಾಡಿ ನೋಡಿದೆ. ನೀವು ಹೇಳಿದ್ದು ಸರಿ, ಅದು ಟೀಲ್. ಆ ಬಾಲದ ಗೀಟು ಟೀಲಿನ ಸಹಿ. ಆ್ಯಪಿಗೂ ಅರ್ಧ ಕ್ಷಮೆ ಕೇಳಿದ್ದೇನೆ.

ಮೂರನೆಯದರ ಕೊಕ್ಕು ಬೆನ್ನ ಗರಿಯೊಳಗಿದೆ, ಕೊಕ್ಕು ಕಾಣದೆ ಶೊವೆಲರ್ ಎಂದು ಹೇಳಲಾರೆ. ತೂಬಿನಕಟ್ಟೆಯವರೇ, ಅದು ಎದ್ದಾಗ ಕೊಕ್ಕು ಸಲಿಕೆಯ ಹಾಗೆ ಮುಂದೆ ಅಗಲವಾಗಿದೆಯಾ ನೋಡಿ. ನೀರಿಂದ ಈಚೆ ಬಂದರೆ ಕಾಲು ನೋಡಿ. ಗಾರ್ಗನಿ, ಟೀಲ್ ಎರಡಕ್ಕೂ ಬೂದುಗಾಲು. ಶೊವೆಲರ್‌ಗೆ ಕಿತ್ತಳೆ.

ತೂಬಿನಕಟ್ಟೆ · ಅಕ್ಟೋಬರ್ 21, ಬೆಳಿಗ್ಗೆ 8:10

ಮೇಡಂ, ಅಕ್ಕ, ಇಬ್ರಿಗೂ ಥ್ಯಾಂಕ್ಸ್. ನಿನ್ನೆ ಸಾಯಂಕಾಲ ಆರೂವರೆವರೆಗೂ ಕೂತಿದ್ದೆ. ದಪ್ಪಗಿರೋದು ಎದ್ದಿತು. ಕೊಕ್ಕು ಅಂತೀರಾ, ಮುದ್ದೆ ತಿರುವೋ ಹಿಟ್ಟುಕೋಲಿಗೆ ಮುಂದೆ ತಟ್ಟಿ ಅಗಲ ಮಾಡಿದಂಗೈತೆ! ನೀರಿನ ಮೇಲೆ ಕೊಕ್ಕು ಇಟ್ಕೊಂಡು ಆ ಕಡೆ ಈ ಕಡೆ ಆಡಿಸ್ತಾ ಸುಮ್ನೆ ಹೋಗ್ತಾ ಇತ್ತು, ಕಸ ಗುಡಿಸೋರ ಥರ. ಅಂದ್ರೆ ಒಂದೇ ಗುಂಪಲ್ಲಿ ಮೂರು ಜಾತಿ. ಆ್ಯಪ್ ಗೆದ್ದಂಗೆ ಆಯ್ತು 🙏

ಕತ್ತಲಾಗೋ ಹೊತ್ತಿಗೆ ಎಲ್ಲಾ ಎದ್ದು ಕೆರೆ ಹಿಂದಗಡೆ ಕಡೆ ಹಾರಿದ್ವು. ನಂಗೆ ಹೊಸ ವಿಷಯ.

ಅಂತರಗಂಗೆ_ನಡಿಗೆ · ಅಕ್ಟೋಬರ್ 21, 10:00

ಅದಕ್ಕೇ ನಿಮಗೆ ತಿನ್ನೋದು ಕಂಡಿಲ್ಲ. ಚಳಿಗಾಲದಲ್ಲಿ ಇವುಗಳ ಊಟ ಹೆಚ್ಚಾಗಿ ರಾತ್ರಿ. ಹಗಲು ನಡುನೀರಲ್ಲಿ ಗುಂಪಾಗಿ ಮಲಗ್ತಾವೆ, ಗಿಡುಗನಿಂದ ದೂರ, ನಾಯಿಯಿಂದ ದೂರ. ಕತ್ತಲಾದ ಮೇಲೆ ತೆಳು ನೀರಿಗೆ, ಭತ್ತದ ಗದ್ದೆ ಇದ್ರೆ ಅಲ್ಲಿಗೆ. ಹುಲ್ಲಿನ ಬೀಜ, ಹುಳ, ಸಣ್ಣ ಬಸವನಹುಳು, ಏನಾದ್ರೂ ಸರಿ.

ನಮ್ಮ ಗುಳುಮುಳಕ ಪೂರ್ತಿ ಮುಳುಗಿ ಎಲ್ಲೋ ಏಳುತ್ತಲ್ಲ, ಈ ಜಾತಿ ಬಾತು ಹಾಗೆ ಮುಳುಗಲ್ಲ. ತಲೆ ಅದ್ದಿ ತಿನ್ನುತ್ತೆ, ಇಲ್ಲಾ ಬಾಲ ಆಕಾಶಕ್ಕೆ ಎತ್ತಿ ಶೀರ್ಷಾಸನ ಹಾಕುತ್ತೆ. ಗಾರ್ಗನಿ ಆ ಶೀರ್ಷಾಸನಾನೂ ಕಮ್ಮಿ, ಮೇಲ್ಮೇಲೆ ಸೋಸೋದೇ ಜಾಸ್ತಿ. ಕೊಕ್ಕಿನ ಒಳ ಅಂಚಿಗೆ ಬಾಚಣಿಗೆ ಹಲ್ಲಿನ ಥರ ಸಾಲು ಇರುತ್ತೆ. ನೀರು ಹೊರಗೆ ಹೋಗುತ್ತೆ, ಕಾಳು ಒಳಗೆ ಉಳಿಯುತ್ತೆ, ಮನೇಲಿ ಅಕ್ಕಿ ಗಾಳಿಸಿದ ಹಾಗೆ. ಶೊವೆಲರ್‌ಗೆ ಆ ಬಾಚಣಿಗೆ ಎಲ್ಲಕ್ಕಿಂತ ನಯ.

ಶ್ರೀನಿವಾಸಪುರ_ಮಾವು · ಅಕ್ಟೋಬರ್ 22, ಮಧ್ಯಾಹ್ನ 1:30

ನರಸಾಪುರ ಕಡೆ ಅಂದ್ರೆ ಕೆಸಿ ವ್ಯಾಲಿ ನೀರು ಬರೋ ಕೆರೆ ತಾನೇ? 2018ರ ಜೂನ್‌ನಲ್ಲಿ ಲಕ್ಷ್ಮೀಸಾಗರ ಕೆರೆಗೆ ಮೊದಲ ನೀರು ಬಂದಾಗ ನಾನೂ ನೋಡೋಕೆ ಹೋಗಿದ್ದೆ. ಸೈಬೀರಿಯಾದ ಹಕ್ಕಿ ಬಂದು ಕೂತಿದೆ ಅಂದ್ರೆ ನೀರು ಶುದ್ಧ ಅಂತ ಸಾಬೀತಾಯ್ತಲ್ಲ. ವಿರೋಧ ಮಾಡೋರಿಗೆ ಈ ಫೋಟೋ ತೋರಿಸಿ.

ದನದಡಾಕ್ಟ್ರು · ಅಕ್ಟೋಬರ್ 22, ಸಂಜೆ 6:00

ಇದನ್ನು ಓದಿ ಸುಮ್ಮನಿರಲಾಗಲಿಲ್ಲ. ಬಾತು ಬಂದರೆ ನೀರು ಶುದ್ಧ ಎನ್ನುವ ಲೆಕ್ಕ ತಪ್ಪು. ಬೆಂಗಳೂರಿನ ಕೊಳಚೆಯನ್ನು ಎರಡು ಹಂತ ಶುದ್ಧೀಕರಿಸಿ ಇಲ್ಲಿಗೆ ಕಳಿಸುತ್ತಾರೆ. ದಿನಕ್ಕೆ 44 ಕೋಟಿ ಲೀಟರ್ ಗುರಿಯ ಯೋಜನೆ, ಅಂತರ್ಜಲ ತುಂಬಲಿ ಎಂದು. ಆ ನೀರಿನಲ್ಲಿ ಸಾರಜನಕ, ರಂಜಕ ಉಳಿದಿರುತ್ತದೆ. ಅದರಿಂದ ಪಾಚಿ, ಪಾಚಿಯಿಂದ ಹುಳ, ಹುಳದಿಂದ ಬಾತು. ಹೋಟೆಲಿನ ಮುಂದೆ ಗಿರಾಕಿ ಜಾಸ್ತಿ ಇದ್ದ ಮಾತ್ರಕ್ಕೆ ಅಡುಗೆಮನೆ ಚೊಕ್ಕಟವಾಗಿದೆ ಎಂದು ಯಾರಾದರೂ ಹೇಳುತ್ತಾರಾ?

ಹಾಗಂತ ಬಾತು ಬರುವುದು ಕೆಟ್ಟ ಲಕ್ಷಣ ಅಂತಲೂ ನಾನು ಹೇಳುತ್ತಿಲ್ಲ. ನೀರಿನ ಗುಣ ತಿಳಿಯಬೇಕಿದ್ದರೆ ನೀರನ್ನು ಪರೀಕ್ಷೆ ಮಾಡಿಸಿ. ಹಕ್ಕಿಯ ಕೈಯಲ್ಲಿ ಸರ್ಟಿಫಿಕೇಟ್ ಬರೆಸಬೇಡಿ.

ಇನ್ನೊಂದು. ಬಿಸಿಲು ಏರಿ ನೀರು ಇಳಿದಾಗ ಇಂಥ ಪೌಷ್ಟಿಕ ಕೆರೆಗಳಲ್ಲಿ ಬಾಟುಲಿಸಂ ಬರಬಹುದು. ಆಮ್ಲಜನಕ ಇಲ್ಲದ ಕೆಸರಿನಲ್ಲಿ, ಸತ್ತ ಪ್ರಾಣಿಗಳಲ್ಲಿ ಬೆಳೆಯುವ ಬ್ಯಾಕ್ಟೀರಿಯಾದ ವಿಷ. ಸತ್ತ ಹಕ್ಕಿಯ ಮೇಲಿನ ಹುಳ ತಿಂದು ಇನ್ನೊಂದು ಹಕ್ಕಿ ಸಾಯುತ್ತದೆ. 2019ರ ನವೆಂಬರಿನಲ್ಲಿ ರಾಜಸ್ಥಾನದ ಸಾಂಭರ್ ಸರೋವರದಲ್ಲಿ 18 ಸಾವಿರಕ್ಕೂ ಹೆಚ್ಚು ಹಕ್ಕಿ ಸತ್ತಿದ್ದು ಹೀಗೆಯೇ. ಕತ್ತು ಎತ್ತಲಾಗದೆ, ರೆಕ್ಕೆ ಜೋಲು ಬಿದ್ದ ಬಾತು ಕಂಡರೆ ಮುಟ್ಟಬೇಡಿ. ಹತ್ತಿರದ ಪಶು ಆಸ್ಪತ್ರೆಗೂ ಅರಣ್ಯ ಇಲಾಖೆಗೂ ಅದೇ ದಿನ ತಿಳಿಸಿ.

ಶ್ರೀನಿವಾಸಪುರ_ಮಾವು · ಅಕ್ಟೋಬರ್ 22, ಸಂಜೆ 6:40

ಸರಿ ಡಾಕ್ಟ್ರೇ. ಆದ್ರೆ ಬೋರ್‌ವೆಲ್ 1,200 ಅಡಿ ಹೋಗಿ ಹೊಗೆ ಬಂದ ಊರಲ್ಲಿ ಇರೋನಿಗೆ ಕೆರೇಲಿ ನೀರು ಕಾಣೋದೇ ದೊಡ್ಡದು, ಅದನ್ನೂ ಅರ್ಥ ಮಾಡ್ಕೊಳ್ಳಿ.

ದನದಡಾಕ್ಟ್ರು · ಅಕ್ಟೋಬರ್ 22, ಸಂಜೆ 6:55

ನಾನೂ ಇದೇ ಜಿಲ್ಲೆಯವನು. ಅರ್ಥ ಆಗುತ್ತದೆ.

ತೂಬಿನಕಟ್ಟೆ · ನವೆಂಬರ್ 14, ಬೆಳಿಗ್ಗೆ 7:50

ದೊಡ್ಡ ಬಾತು (ಹಳದಿ ತುದಿಯವು) ಇವತ್ತು ಜೊಂಡಿನಿಂದ ಈಚೆ ಬಂತು, ಹಿಂದೆ ಒಂಬತ್ತು ಮರಿ! ಕಳ್ಳೇಕಾಯಿ ಚೀಲದಿಂದ ಉರುಳಿದಂಗೆ ಒಂದರ ಹಿಂದೆ ಒಂದು. ಇವೂ ಅದೇ ಜಾತಿನಾ? ನಮ್ಮಜ್ಜಿ ಇದಕ್ಕೆ ವರಟೆ ಅಂತಿದ್ರು.

ಬಿಳಿಹುಬ್ಬು · ನವೆಂಬರ್ 14, ಮಧ್ಯಾಹ್ನ 12:20

ಎಂಥ ಚೆಂದ! ಅದು ಸ್ಪಾಟ್‌ಬಿಲ್. ಕಪ್ಪು ಕೊಕ್ಕು, ತುದಿ ಹಳದಿ, ಬುಡದಲ್ಲಿ ಎರಡೂ ಕಡೆ ಕುಂಕುಮದ ಬೊಟ್ಟು. ಅಜ್ಜಿ ಹೇಳಿದ್ದೇ ಇರಲಿ. ಕೆಲವು ಊರಲ್ಲಿ ಸಣ್ಣ ಬಾತಿಗೂ ವರಟೆ ಅನ್ನುತ್ತಾರೆ. ಜನ ಹೆಸರಿಡುವಾಗ ಪುಸ್ತಕ ನೋಡಿರಲಿಲ್ಲವಲ್ಲ.

ಗಾರ್ಗನಿಯ ಹಾಗೆ ಇದೂ ತಲೆ ಅದ್ದಿ ತಿನ್ನುವ ಗುಂಪಿನದೇ, ಆದರೆ ವಲಸೆಯದಲ್ಲ, ನಮ್ಮದೇ. ಮಳೆ ಆಗಿ ಕೆರೆ ತುಂಬಿದ ಮೇಲೆ ಮರಿ ಮಾಡುತ್ತದೆ. ಹತ್ತಿರ ಇಟ್ಟು ನೋಡಿದರೆ ವ್ಯತ್ಯಾಸ ಎದ್ದು ಕಾಣುತ್ತದೆ. ಸ್ಪಾಟ್‌ಬಿಲ್ ಸುಮಾರು 60 ಸೆಂ.ಮೀ., ಒಂದು ಕೆ.ಜಿ. ಆಸುಪಾಸು. ಗಾರ್ಗನಿ 40 ಸೆಂ.ಮೀ. ಮುಟ್ಟಿದರೆ ಹೆಚ್ಚು, ಪಾರಿವಾಳಕ್ಕಿಂತ ತುಸು ದೊಡ್ಡದು. ಅಷ್ಟು ಸಣ್ಣ ಜೀವ ಮಧ್ಯ ಏಷ್ಯಾದಿಂದ ಕೋಲಾರದವರೆಗೆ!

ಒಂದು ವಿನಂತಿ, ಮರಿ ಇರುವ ಜೊಂಡಿನ ಹತ್ತಿರ ಫೋಟೋಗಾಗಿ ಹೋಗಬೇಡಿ. ತಾಯಿ ಗಾಬರಿಯಾಗಿ ಎದ್ದರೆ ಕಾಗೆಗಳಿಗೆ ಹಬ್ಬ.

ಕೋಡಿಬಿತ್ತು · ನವೆಂಬರ್ 14, 1:10

ಸಾರಿನ ಮಾತು ವಾಪಸ್ ತಗೊಂಡಿದೀನಿ. ಒಂಬತ್ತೂ ಉಳಿದ್ವಾ ಅಂತ ಆಮೇಲೆ ತಿಳಿಸಿ ಅಣ್ಣ.

ತೂಬಿನಕಟ್ಟೆ · ಡಿಸೆಂಬರ್ 9, ರಾತ್ರಿ 9:00

ಐದು ಉಳಿದವೆ.

ಈಗ ಬೇರೆ ತಲೆನೋವು. ಕೆರೆ ಅಭಿವೃದ್ಧಿ ಅಂತ ಜೆಸಿಬಿ ಬಂದೈತೆ. ಹೂಳು ಎತ್ತಲಿ, ಒಳ್ಳೇದೇ, ಆ ಮಣ್ಣು ಹೊಲಕ್ಕೂ ಬೇಕು. ಆದ್ರೆ ಕಂಟ್ರಾಕ್ಟ್ರು ಕೆರೆ ಹಿಂದಗಡೆ ಅಂಗಳಾನೂ ಬಗೆದು, ಸುತ್ತ ಬಾವಿ ಗೋಡೆ ಥರ ನೆಟ್ಟಗೆ ಕಡಿದು, ಮೇಲೆ ವಾಕಿಂಗ್ ದಾರಿ ಮಾಡ್ತಾರಂತೆ. ರಾತ್ರಿ ಬಾತು ಹೋಗ್ತಿದ್ದ ಜಾಗ ಅದೇ. ಊರಲ್ಲಿ ಹೇಳಿದ್ರೆ "ಹಕ್ಕಿಗೆ ರೆಕ್ಕೆ ಐತೆ, ಬೇರೆ ಕೆರೆಗೆ ಹೋಗ್ತಾವೆ ಬಿಡಪ್ಪ" ಅಂತಾರೆ. ಏನು ಹೇಳ್ಲಿ?

ಅಂತರಗಂಗೆ_ನಡಿಗೆ · ಡಿಸೆಂಬರ್ 9, ರಾತ್ರಿ 10:15

ಈ ಬಾತುಗಳ ಕತ್ತು ಎಷ್ಟು ಉದ್ದವೋ ಅಷ್ಟೇ ಅವಕ್ಕೆ ಕೆರೆ. ತಳ ಎರಡು ಅಡಿಗಿಂತ ಕೆಳಗೆ ಹೋದ್ರೆ ಅಲ್ಲಿರೋ ಊಟ ಅವುಗಳ ಪಾಲಿಗೆ ಇಲ್ಲ. ಗಾರ್ಗನಿಗಂತೂ ಗೇಣು ನೀರು ಸಾಕು. ಎಲ್ಲಾ ಕಡೆ ಇಪ್ಪತ್ತಡಿ ಆಳ ಮಾಡಿದ್ರೆ ನೀರುಕಾಗೆ ಬರುತ್ತೆ, ಬಾತು ಮಲಗೋಕೆ ಬಂದ್ರೂ ಉಣ್ಣೋಕೆ ಬರಲ್ಲ.

ಊರವರಿಗೆ ಹಕ್ಕಿ ಕತೆ ಬೇಡ, ದನದ ಕತೆ ಹೇಳಿ. ನೆಟ್ಟಗೆ ಕಡಿದ ದಡದಲ್ಲಿ ದನ ನೀರಿಗೆ ಇಳಿಯೋದು ಹೇಗೆ? ಮಕ್ಕಳು ಜಾರಿ ಬಿದ್ರೆ ಹತ್ತೋದು ಹೇಗೆ? ಹಳೇ ಕಾಲದವರು ಕೆರೆ ಕಟ್ಟಿದಾಗ ಏರಿ ಕಡೆ ಆಳ, ಹಿಂದಗಡೆ ತಟ್ಟೆ ಥರ ಇಳಿಜಾರು ಬಿಟ್ಟಿದ್ದು ಸುಮ್ನೆ ಅಲ್ಲ. ಹೂಳನ್ನ ಏರಿ ಕಡೆ, ತೂಬಿನ ಸುತ್ತ ತೆಗೀಲಿ. ನೀರಿನ ಲೆಕ್ಕಾನೂ ಅಲ್ಲೇ ಇರೋದು.

ಬೇತಮಂಗಲದವಳು · ಡಿಸೆಂಬರ್ 10, ಬೆಳಿಗ್ಗೆ 6:30

ನಮ್ಮ ಕಡೆ ಪಾಲಾರ್ ಕೆರೆಯಲ್ಲಿ ನೀರು ಇಳಿದ ವರ್ಷವೇ ಅಂಚಿನಲ್ಲಿ ಬಾತು ಜಾಸ್ತಿ ನೋಡಿದ್ದೀನಿ. ತುಂಬಿ ತುಳುಕಿದ ವರ್ಷ ಕಮ್ಮಿ. ಯಾಕೆ ಅಂತ ಇವತ್ತು ಹೊಳೀತು. ತೂಬಿನಕಟ್ಟೆ ಅವರೇ, ಎಷ್ಟು ಹಕ್ಕಿ, ಯಾವ ಜಾತಿ, ಯಾವ ದಿನ ಅಂತ ಹಕ್ಕಿ ಲೆಕ್ಕ ಬರೆದಿಡೋ ಜಾಲತಾಣ ಇಬರ್ಡ್‌ನಲ್ಲಿ ಹಾಕಿಡಿ. ಜನವರಿಯಲ್ಲಿ ಏಷ್ಯಾ ಜಲಪಕ್ಷಿ ಗಣತಿ ಇರುತ್ತೆ, 1987ರಿಂದ ನಡೀತಿದೆ, ಅದಕ್ಕೂ ಕೊಡಿ. ಪಂಚಾಯ್ತಿಗೆ ಅರ್ಜಿ ಕೊಡುವಾಗ "ತುಂಬಾ ಹಕ್ಕಿ ಬರುತ್ತೆ" ಅನ್ನೋದಕ್ಕಿಂತ ತಾರೀಕು ಸಮೇತ ಅಂಕಿ ಇಟ್ರೆ ಕೇಳ್ತಾರೆ.

ತೂಬಿನಕಟ್ಟೆ · ಜನವರಿ 12, ಬೆಳಿಗ್ಗೆ 11:00

ಎಣಿಸಿದೆ. ಗಾರ್ಗನಿ 63, ಶೊವೆಲರ್ 8, ಟೀಲ್ 3, ಸ್ಪಾಟ್‌ಬಿಲ್ 22, ನಾಮದ ಕೋಳಿ ಎಣಿಸೋಕೆ ಆಗಲಿಲ್ಲ.

ಅರ್ಜಿ ಕೊಟ್ಟು ಬಂದೆ. ದನದ ಮಾತು ಕೆಲಸ ಮಾಡ್ತು. ಹಿಂದಗಡೆ ಒಂದು ಮಗ್ಗುಲು ಮಾತ್ರ ಬಿಡ್ತೀವಿ ಅಂದವ್ರೆ, ಇನ್ನೊಂದು ಮಗ್ಗುಲು ಆಗ್ಲೇ ಕಡಿದಾಗೈತೆ.

ಒಂದು ಹಾರೋ ಫೋಟೋ ಸಿಕ್ಕಿತು. ಕೆಲವಕ್ಕೆ ರೆಕ್ಕೆ ಮುಂಭಾಗ ಬೂದಿ ಬೆರೆಸಿದ ನೀಲಿ, ಕೆಲವಕ್ಕೆ ಸಪ್ಪೆ ಕಂದು. ಕೂತಾಗ ಎರಡೂ ಒಂದೇ ಥರ.

ಬಿಳಿಹುಬ್ಬು · ಜನವರಿ 12, ಸಂಜೆ 5:45

ಸಿಕ್ಕಿಬಿದ್ದರು ನೋಡಿ ಗಂಡುಗಳು! ಮೈಯ ವೇಷ ಬದಲಾದರೂ ರೆಕ್ಕೆಯ ಆ ನೀಲಿ ಬದಲಾಗುವುದಿಲ್ಲ. ನೀಲಿ ಇದ್ದು, ಹಿಂದೆ ಹಸಿರು ಪಟ್ಟಿ, ಆ ಪಟ್ಟಿಯ ಎರಡೂ ಅಂಚಿಗೆ ಬಿಳಿ ಗೆರೆ ಇದ್ದರೆ ಅದು ಗಂಡು ಗಾರ್ಗನಿ.

ಶೊವೆಲರ್‌ಗೂ ಇದೇ ನೀಲಿ ಇದೆ, ಗಮನಿಸಿ. ಕೊಕ್ಕು ನೋಡಿದರೆ ಎರಡೂ ಸಂಬಂಧಿಕರು ಅಂತ ಯಾರೂ ಹೇಳುವುದಿಲ್ಲ. 1758ರಲ್ಲಿ ಲಿನೇಯಸ್ ಹೆಸರಿಟ್ಟಾಗಿನಿಂದ ಬಹುಕಾಲ ಇವನ್ನು ಸ್ಪಾಟ್‌ಬಿಲ್, ಟೀಲ್ ಇರುವ ಅನಾಸ್ ಕುಲದಲ್ಲೇ ಇಟ್ಟಿದ್ದರು. ಡಿಎನ್‌ಎ ನೋಡಿದ ಮೇಲೆ ಗಾರ್ಗನಿ, ಶೊವೆಲರ್ ಎರಡನ್ನೂ ಸ್ಪಾಟುಲಾ ಎಂಬ ಬೇರೆ ಕುಲಕ್ಕೆ ತಂದರು. ಅಂದರೆ ನೋಡಲಿಕ್ಕೆ ಅವಳಿಯಂತಿರುವ ಟೀಲ್ ದೂರದ ನೆಂಟ, ಸಲಿಕೆ ಬಾಯಿಯವನು ದಾಯಾದಿ. ಮನೆತನದ ಗುರುತು ರೆಕ್ಕೆಯಲ್ಲಿ ಉಳಿದಿದೆ.

ತೂಬಿನಕಟ್ಟೆ · ಮಾರ್ಚ್ 3, ಬೆಳಿಗ್ಗೆ 7:20

ಮೇಡಂ!! ಹುಬ್ಬು ಬಂತು!

ಕಣ್ಣಿನ ಮೇಲಿಂದ ಕತ್ತಿನವರೆಗೂ ಸುಣ್ಣದಲ್ಲಿ ಎಳೆದಂಗೆ. ತಲೆ ಕಾಫಿ ಬಣ್ಣ, ಪಕ್ಕೆ ಬೂದಿ, ಬೆನ್ನ ಮೇಲಿಂದ ಕಪ್ಪು ಬಿಳಿ ಗರಿ ಜೋತಾಡ್ತಾವೆ. ಅಕ್ಟೋಬರಿಂದ ನೋಡ್ತಾ ಇದ್ದ ಹಕ್ಕಿ ಇದೇನಾ ಅನ್ನಿಸ್ತು. ಶಬ್ದಾನೂ ಮಾಡ್ತಾವೆ, ಬಾತಿನ ಥರ ಕ್ವಾಕ್ ಅಲ್ಲ, ಬಾಚಣಿಗೆ ಹಲ್ಲಿನ ಮೇಲೆ ಉಗುರು ಎಳೆದಂಗೆ ಕರ್ರ್‌ರ್‌ರ್. ನನ್ನ ಮಗಳು ಬಾಚಣಿಗೆ ತಂದು ಎಳೆದು ತೋರಿಸಿದ್ಳು.

ಬಿಳಿಹುಬ್ಬು · ಮಾರ್ಚ್ 3, 8:00

ಹಾಗೆ ಕರ್ರೆನ್ನುವುದು ಗಂಡು. ಹೆಣ್ಣಿನದು ಸಣ್ಣ ಕ್ವಾಕ್. ಅದರ ಲ್ಯಾಟಿನ್ ಹೆಸರು ಕ್ವೆರ್‌ಕ್ವೆಡುಲಾ ಕೂಡ ಆ ಕೂಗನ್ನೇ ಅನುಕರಿಸಿದ್ದು. ಮಗಳಿಗೆ ನನ್ನ ಕಡೆಯಿಂದ ಶಹಬ್ಬಾಸ್ ಹೇಳಿ.

ಇನ್ನು ಹೆಚ್ಚು ದಿನ ಇರುವುದಿಲ್ಲ, ಕಣ್ತುಂಬ ನೋಡಿಕೊಳ್ಳಿ.

ತೂಬಿನಕಟ್ಟೆ · ಏಪ್ರಿಲ್ 17, ಬೆಳಿಗ್ಗೆ 7:05

ಮೊನ್ನೆ 11 ಇದ್ವು. ಇವತ್ತು ಒಂದೂ ಇಲ್ಲ. ಸ್ಪಾಟ್‌ಬಿಲ್ ಮಾತ್ರ. ರಾತ್ರಿ ಹೋದ್ವು ಅಂತ ಕಾಣುತ್ತೆ, ಹೋಗೋದು ನೋಡೋಕಾಗಲಿಲ್ಲ.

ಕೋಡಿಬಿತ್ತು · ಏಪ್ರಿಲ್ 17, 9:30

😔 ಟೊಮೆಟೊ ರೇಟ್ ಥರ, ಹೇಳದೆ ಕೇಳದೆ ಇಳಿದುಹೋದ್ವು.

ತೂಬಿನಕಟ್ಟೆ · ಸೆಪ್ಟೆಂಬರ್ 11, ಬೆಳಿಗ್ಗೆ 6:50

ಬಂದ್ವು. ಏಳು. ಬಿಟ್ಟಿರೋ ಮಗ್ಗುಲಲ್ಲೇ.

ಬಿಳಿಹುಬ್ಬು · ಸೆಪ್ಟೆಂಬರ್ 11, 7:30

ಮುಖ ನೋಡಿದಿರಾ?

ತೂಬಿನಕಟ್ಟೆ · ಸೆಪ್ಟೆಂಬರ್ 11, 7:34

ಆರಕ್ಕೆ ಎರಡು ಗೆರೆ. ಏಳನೇದು ಮಲಗೈತೆ, ಎದ್ದ ಮೇಲೆ ಹೇಳ್ತೀನಿ.